ದಾಖ್ಲಾ ಮರಳಿಗೆ 25 ಪಿಎಸ್‌ಐ ಜಾಸ್ತಿಯಾಯ್ತು

ಪಶ್ಚಿಮ ಸಹಾರಾದ ಕೈಟ್‌ಸರ್ಫಿಂಗ್ ತಾಣ ದಾಖ್ಲಾದ ಲಗೂನ್ (ಸಮುದ್ರದ ಹಿನ್ನೀರು) ದಂಡೆಯ ಮರಳಲ್ಲಿ ಗಾಡಿ ಓಡಿಸಲು ಟೈರಿನ ಗಾಳಿಯ ಒತ್ತಡ 25 ಪಿಎಸ್‌ಐಗೆ ಇಳಿಸಿದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸಡಿಲ ಮರಳಲ್ಲಿ 16-18ಕ್ಕೆ ಇಳಿಸಬೇಕು ಸರ್. ಗಾಡಿ ಹೂತರೆ 12, ಆದರೆ ಅಷ್ಟು ಕಡಿಮೆ ಗಾಳಿಯಲ್ಲಿ ಸ್ಟೀರಿಂಗ್ ಜೋರಾಗಿ ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚುತ್ತೆ. ಡಾಂಬರು ಹತ್ತುವ ಮೊದಲು ಮತ್ತೆ ತುಂಬಿಸಿ. ಮರಳಿಗಿಂತ ದೊಡ್ಡ ಮೋಸ ಸಬ್ಖಾ: ಮೇಲೆ ಒಣಗಿದ ಉಪ್ಪಿನ ಹಪ್ಪಳ, ಕೆಳಗೆ ಕೆಸರು. ಅಲ್ಲಿ ಹಳೇ ಚಕ್ರದ ಜಾಡು ಬಿಡಲೇಬೇಡಿ. ಗಾಡಿ ಉಬ್ಬರದ ಗೆರೆಯಿಂದ ಮೇಲೇ ನಿಲ್ಲಲಿ.

ಇನ್ನು ಟೈರ್ ಕಂಪ್ರೆಸರಿನಿಂದ ಕೈಟ್ (ಸವಾರನನ್ನು ನೀರಿನ ಮೇಲೆ ಎಳೆಯುವ ಗಾಳಿಪಟ) ಊದುವ ನಿಮ್ಮ ಸಲಹೆ. ಕಂಪ್ರೆಸರ್ ಅಂದರೆ ಒತ್ತಡ ಹೆಚ್ಚು, ಗಾಳಿ ಕಡಿಮೆ ಕೊಡುವ ಯಂತ್ರ. ಊದುತ್ತಾ ಕೂತರೆ ಬಿಸಿಯಾಗುತ್ತೆ ಅಷ್ಟೇ. ಕೈಟಿನ ಮುಂಅಂಚಿನ ಗಾಳಿ ಕೊಳವೆಗೆ ಸಾಮಾನ್ಯವಾಗಿ 6-8 ಪಿಎಸ್‌ಐ ಸಾಕು, ಮಾಪಕವಿರುವ ಕೈಪಂಪೇ ಲೇಸು. ಊದಿದ ಕೈಟನ್ನು ಬಿಸಿಲಲ್ಲಿ ಬಿಟ್ಟರೆ ಒತ್ತಡ ಏರಿ ಬ್ಲಾಡರ್ (ಒಳಗಿನ ಗಾಳಿಚೀಲ) ಒಡೆಯಬಹುದು.