ಸ್ಪಷ್ಟನೆ: ಗೃಹಲಕ್ಷ್ಮಿ ಬಾಕಿ ಕಂತಿಗೆ ಮತ್ತೆ ಅರ್ಜಿ ಬೇಕಿಲ್ಲ

‘ಗೃಹಲಕ್ಷ್ಮಿ ಹಣ ಬಾರದವರು ಈ ಲಿಂಕ್‌ನಲ್ಲಿ ಮತ್ತೆ ಅರ್ಜಿ ಹಾಕಿ ಒಟಿಪಿ ಕೊಡಿ, ಬಾಕಿಯೆಲ್ಲ ಒಟ್ಟಿಗೆ ಬರುತ್ತೆ’ ಎಂಬ ಮೆಸೇಜನ್ನು ನಿನ್ನೆ ನಾನೂ ಹಲವರಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಮಂಜೂರಾದವರು ಕಂತು ತಡವಾಯಿತೆಂದು ಹೊಸ ಅರ್ಜಿ ಹಾಕಬೇಕಿಲ್ಲ. ತಿಂಗಳ 2,000 ರೂಪಾಯಿ ಡಿಬಿಟಿ ಮೂಲಕ ನೇರವಾಗಿ ಖಾತೆಗೇ ಜಮೆಯಾಗುತ್ತದೆ. ಒಟಿಪಿ ಯಾರಿಗೂ ಹೇಳಬೇಡಿ. ಅಕ್ಕಪಕ್ಕದವರಿಗೆ ಬಂದು ನಿಮಗೆ ಬರದಿದ್ದರೆ, ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಮೊದಲು ನೋಡಿ. ನಮ್ಮ ಅತ್ತಿಗೆಯ ಹಣ, ಸಂಘದ ಸಾಲಕ್ಕೆಂದು ತೆರೆದು ಮರೆತೇಬಿಟ್ಟಿದ್ದ ಹಳೆಯ ಖಾತೆಗೆ ಹೋಗಿ ಕೂತಿತ್ತು. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ ಗೊತ್ತಾಗಿದ್ದು! ‘ಡಿಬಿಟಿ ಕರ್ನಾಟಕ’ ಆ್ಯಪ್‌ನಲ್ಲೂ ನೋಡಬಹುದು, ಇಲ್ಲವೇ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿ.

ಆ ಮೆಸೇಜನ್ನು ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಳಿಸಿ, ಇದನ್ನು ತಿಳಿಸಿ.