ವೇಗ ಗೊತ್ತಾಯಿತು, ನಿಲ್ದಾಣ ಎಲ್ಲಿದೆ ಹೇಳಿ

ಮೊಬೈಲಿಗೆ ಬಂದ ವಿಡಿಯೊ ಒಂದನ್ನು ಈಗಷ್ಟೇ ನೋಡಿ ತಲೆ ಕೆಟ್ಟು ಕುಳಿತಿದ್ದೇನೆ. ಯಾವುದೋ ಹೈಸ್ಪೀಡ್ ರೈಲು ಯೋಜನೆಯ ಪ್ರಚಾರದ ಅನಿಮೇಷನ್. ಬಿಳಿ ಮೂತಿಯ ರೈಲು ಮಂಜನ್ನು ಸೀಳಿಕೊಂಡು ಬರುತ್ತದೆ, ಪರದೆಯ ತುಂಬ 350 ಎಂಬ ಅಂಕಿ ಮಿನುಗುತ್ತದೆ, ಹಿನ್ನೆಲೆಯಲ್ಲಿ ಕಿವಿ ಗಡಚಿಕ್ಕುವ ಸಂಗೀತ. ರೈಲಿನ ಮೇಲೆ ವಿದ್ಯುತ್ ತಂತಿಯೇ ಇಲ್ಲ! 25 ಸಾವಿರ ವೋಲ್ಟ್ ಎಲ್ಲಿಂದ ಬರಬೇಕು, ಆ ಸಂಗೀತದಿಂದಲೇ? ಹೋಗಲಿ, ತಂತಿ ಎಳೆದರೆ ಚಿತ್ರದ ಅಂದ ಕೆಡುತ್ತದೆ ಎಂದುಕೊಂಡಿರಬೇಕು. ನನಗೆ ಮೈ ಉರಿದದ್ದು ಕೊನೆಯ ದೃಶ್ಯ ನೋಡಿ. ಗಾಜಿನ ಅರಮನೆಯಂಥ ನಿಲ್ದಾಣ, ಸುತ್ತಲೂ ಹಸಿರು ಬಯಲು. ಒಂದು ಕುಟುಂಬ ಕೈಯಲ್ಲಿ ಚೀಲವೂ ಇಲ್ಲದೆ ನಗುನಗುತ್ತ ಒಳಗೆ ಹೋಗುತ್ತದೆ. ಇವರು ಎಲ್ಲಿಂದ ಬಂದರು? ಹೇಗೆ ಬಂದರು? ಆ ಬಯಲಿನಿಂದ ಊರು ಎಷ್ಟು ದೂರ? ವಿಡಿಯೊ ಮುಗಿಯಿತು.

ನನ್ನ ಕಸುಬು ಗೊತ್ತಿರುವವರು "ಇವರದ್ದು ಮತ್ತೆ ಶುರುವಾಯಿತು" ಎಂದು ನಕ್ಕಿರುತ್ತೀರಿ. ನಗಿ. ದುಡಿಮೆಯ ದಿನಗಳೆಲ್ಲ ನಕ್ಷೆಯ ಮೇಲೆ ರೈಲು ಮಾರ್ಗದ ಗೆರೆ ಎಳೆಯುವುದರಲ್ಲೇ ಕಳೆದವರಿಗೆ ಇದಕ್ಕಿಂತ ಬೇರೆ ಏನು ಸಿಟ್ಟು ಬರಬೇಕು?

ಮೊದಲು ಆ 350ರ ಲೆಕ್ಕ ನೋಡೋಣ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ನೂರು ಕಿಲೋಮೀಟರ್ ಕ್ರಮಿಸಲು 20 ನಿಮಿಷ ಬೇಕು. 350ರಲ್ಲಿ ಹೋದರೆ ಸುಮಾರು 17 ನಿಮಿಷ. ಉಳಿದದ್ದು ಮೂರು ನಿಮಿಷ. ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಈ ಮೂರು ನಿಮಿಷಕ್ಕಾಗಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಪ್ರತಿರೋಧವನ್ನು ರೈಲು ತಳ್ಳಿಕೊಂಡು ಹೋಗಬೇಕು. ತಳ್ಳಲಿ, ಬೇಡ ಎನ್ನುವುದಿಲ್ಲ. ಆದರೆ ಹೀಗೆ ಬೆವರು ಸುರಿಸಿ ಉಳಿಸಿದ ಮೂರು ನಿಮಿಷವನ್ನು ಬಯಲಿನ ನಿಲ್ದಾಣದ ಹೊರಗೆ ಟ್ಯಾಕ್ಸಿಗೆ ಕಾಯುತ್ತ ಹತ್ತು ಪಟ್ಟು ಕಳೆದುಕೊಳ್ಳುವ ಪ್ರಯಾಣಿಕರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ!

ನಿಲ್ದಾಣ ಬಯಲಿಗೆ ಹೋಗುವುದಕ್ಕೂ ಆ 350ಕ್ಕೂ ನೇರ ಸಂಬಂಧವಿದೆ. ತಿರುವಿನ ತ್ರಿಜ್ಯವೂ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 1964ರಲ್ಲಿ ಟೋಕಿಯೊ-ಒಸಾಕಾ ಮಾರ್ಗ ಶುರುವಾದಾಗ ಅದರ ಗರಿಷ್ಠ ವೇಗ 210. ಅದಕ್ಕೆ 2,500 ಮೀಟರ್ ತ್ರಿಜ್ಯ ಸಾಕಾಗಿತ್ತು. 350ಕ್ಕೆ ಚೀನಾದಲ್ಲಿ ಸಾಮಾನ್ಯವಾಗಿ 7,000 ಮೀಟರ್ ಹಿಡಿಯುತ್ತಾರೆ. ಹತ್ತು ಸಾವಿರಕ್ಕೆ ಒಂದರ ಅಳತೆಯ ನಕ್ಷೆಯಲ್ಲಿ ಇದರ ತ್ರಿಜ್ಯ 70 ಸೆಂಟಿಮೀಟರ್, ಹೆಚ್ಚುಕಡಿಮೆ ಚಾಚಿದ ತೋಳಿನಷ್ಟು. ತಿರುವು ಬರೆಯುವ ಪಟ್ಟಿಯನ್ನು ಹಾಳೆಯ ಮೇಲಿಟ್ಟು ಪೆನ್ಸಿಲ್ ಎಳೆದರೆ, ಪಕ್ಕದಲ್ಲಿ ನಿಂತವರು "ಇದು ನೇರಗೆರೆಯೇ ತಾನೇ?" ಎನ್ನುತ್ತಾರೆ. ಗೆರೆ ಒಂದು ಶಾಲೆಯ ಮೇಲೆ ಹಾದುಹೋಗುತ್ತಿದೆ, ಇನ್ನೂರೇ ಮೀಟರ್ ಪಕ್ಕಕ್ಕೆ ಸರಿಸಿ ಎಂದು ಯಾರಾದರೂ ಕೇಳಿದರು ಎನ್ನಿ. ನ್ಯಾಯವಾದ ಮಾತು. ಆದರೆ ಈ ತ್ರಿಜ್ಯದಲ್ಲಿ ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗಿಸಿ ಇನ್ನೂರು ಮೀಟರ್ ಸರಿಸಲು ವೃತ್ತಭಾಗಗಳಿಗಷ್ಟೇ ಎರಡು ಕಿಲೋಮೀಟರಿಗಿಂತ ಹೆಚ್ಚು ಉದ್ದ ಬೇಕು. ನೇರದಿಂದ ತಿರುವಿಗೆ ಮೆಲ್ಲಗೆ ಹೊರಳಿಸುವ ಭಾಗಗಳನ್ನೂ ಸೇರಿಸಿದರೆ ಮೂರು ದಾಟುತ್ತದೆ. ಅಷ್ಟರಲ್ಲಿ ಗೆರೆ ಇನ್ನೊಂದು ಊರಿನ ಕೆರೆಯೊಳಗೆ ಇಳಿದಿರುತ್ತದೆ.

ಇಂಥ ಬಾಗದ ಗೆರೆಯನ್ನು ಹಿಡಿದುಕೊಂಡು ಊರಿನ ನಡುವೆ ನುಗ್ಗಲು ಯಾರಿಗೂ ಧೈರ್ಯವಿರುವುದಿಲ್ಲ. ಊರನ್ನು ಬಳಸಿ ಹೊರಗಿನಿಂದ ಎಳೆದುಬಿಡುತ್ತಾರೆ, ಅಲ್ಲಿಯೇ ಒಂದು ಚೌಕ ಬರೆದು ನಿಲ್ದಾಣ ಎಂದು ಹೆಸರಿಡುತ್ತಾರೆ. ನಕ್ಷೆಯಲ್ಲಿ ಕೆಲಸ ಮುಗಿಯಿತು. ಅಲ್ಲಾ, ಊರಿನಲ್ಲಿ ನಿಲ್ಲುವ ರೈಲು ಹೇಗೂ ವೇಗ ತಗ್ಗಿಸಿಯೇ ಬರಬೇಕಲ್ಲ? ಅದಕ್ಕೇಕೆ 7,000 ಮೀಟರಿನ ತಿರುವು? ಫ್ರಾನ್ಸಿನವರು 1981ರಲ್ಲಿ ಪ್ಯಾರಿಸ್-ಲಿಯೋನ್ ಮಾರ್ಗ ತೆರೆದಾಗ ಇದನ್ನು ಸರಳವಾಗಿ ಬಿಡಿಸಿದರು. ಬಯಲಿನಲ್ಲಿ ಹೊಸ ಹಳಿ, ಊರಿನ ಹತ್ತಿರ ಬರುತ್ತಲೇ ಹಳೆಯ ಹಳಿ. ರೈಲು ನಿಧಾನವಾಗಿ ಹಳೆಯ ನಿಲ್ದಾಣಕ್ಕೇ ಬಂದು ನಿಲ್ಲುತ್ತದೆ. ಇಳಿದವರು ಪಟ್ಟಣದಲ್ಲೇ ಇರುತ್ತಾರೆ.

ಅದೇ ಫ್ರಾನ್ಸಿನವರು 1994ರಲ್ಲಿ ಉತ್ತರದ ಮಾರ್ಗದಲ್ಲಿ ಓಟ್-ಪಿಕಾರ್ಡಿ ಎಂಬ ನಿಲ್ದಾಣ ತೆರೆದರು. ಅಮಿಯಾನ್ ಮತ್ತು ಸೇಂಟ್-ಕ್ವೆಂಟಿನ್ ಎಂಬ ಎರಡು ಊರುಗಳ ನಡುವೆ, ಎರಡಕ್ಕೂ ಸೇರದ ಹೊಲದಲ್ಲಿ. ಸ್ಥಳೀಯ ರೈಲಿನ ಸಂಪರ್ಕವೂ ಇಲ್ಲ. ಜನ ಅದನ್ನು ಬೀಟ್‌ರೂಟ್ ನಿಲ್ದಾಣ ಎಂದು ಕರೆದು ಸೇಡು ತೀರಿಸಿಕೊಂಡರು. ತೈವಾನಿನಲ್ಲಿ 2007ರ ಜನವರಿಯಲ್ಲಿ ಹೈಸ್ಪೀಡ್ ರೈಲು ಓಡತೊಡಗಿದಾಗ ಹಲವು ನಿಲ್ದಾಣಗಳು ಊರಾಚೆಯೇ ಇದ್ದವು. ತೈನಾನ್‌ನ ನಿಲ್ದಾಣದಿಂದ ಪಟ್ಟಣದೊಳಕ್ಕೆ ಮಾಮೂಲಿ ರೈಲು ಬಂದದ್ದು 2011ರಲ್ಲಿ. ಹೊಳೆಗೆ ಮುಕ್ಕಾಲು ಸೇತುವೆ ಕಟ್ಟಿ ಉದ್ಘಾಟನೆ ಮಾಡಿದ ಹಾಗೆ! ಮೊದಲ ವರ್ಷಗಳಲ್ಲಿ ಪ್ರಯಾಣಿಕರು ಅಂದಾಜಿಗಿಂತ ಬಹಳ ಕಡಿಮೆ ಬಂದರು. ಸಾಲದ ಭಾರವೂ ಸೇರಿ, 2009ರಲ್ಲಿ ಸರ್ಕಾರವೇ ಕಂಪನಿಯ ಹಿಡಿತ ತೆಗೆದುಕೊಳ್ಳಬೇಕಾಯಿತು.

ಇಷ್ಟು ಹೇಳಿದ ಕೂಡಲೇ ಒಬ್ಬರು ಬಂದೇ ಬರುತ್ತಾರೆ: "ಸ್ವಲ್ಪ ತಾಳ್ಮೆ ಇರಲಿ, ನಿಲ್ದಾಣ ಬಂದರೆ ಊರು ತಾನಾಗಿ ಬೆಳೆದು ಅಲ್ಲಿಗೆ ಬರುತ್ತದೆ. ಶಿನ್-ಯೊಕೊಹಾಮಾ ನೋಡಿ." ನೋಡಿದ್ದೇನೆ. ಆ ಟೋಕಿಯೊ-ಒಸಾಕಾ ಮಾರ್ಗದ್ದೇ ನಿಲ್ದಾಣ. 1964ರಲ್ಲಿ ಅದು ಹೊಲಗದ್ದೆಗಳ ನಡುವೆ ತೆರೆದದ್ದು ನಿಜ, ಇಂದು ಎತ್ತರದ ಕಟ್ಟಡಗಳು ಎದ್ದಿರುವುದೂ ನಿಜ. ಹೇಳುವವರು ನುಂಗಿಕೊಳ್ಳುವ ಸಂಗತಿ ಬೇರೆ ಇದೆ. ಆ ನಿಲ್ದಾಣವನ್ನು ಕಟ್ಟಿದ್ದೇ ಹೊಸ ಮಾರ್ಗ ಹಳೆಯ ಯೊಕೊಹಾಮಾ ರೈಲು ಮಾರ್ಗವನ್ನು ದಾಟುವ ಜಾಗದಲ್ಲಿ. ಮೊದಲ ದಿನದಿಂದಲೇ ಅಲ್ಲಿ ಮಾಮೂಲಿ ರೈಲು ಸಿಗುತ್ತಿತ್ತು. ಅಷ್ಟಿದ್ದೂ ಅತಿ ವೇಗದ ಹಿಕಾರಿ ರೈಲುಗಳು ಆರಂಭದಲ್ಲಿ ಅಲ್ಲಿ ನಿಲ್ಲುತ್ತಿರಲಿಲ್ಲ, ಸಬ್‌ವೇ ಬಂದದ್ದು 1985ರಲ್ಲಿ. ಎರಡು ದಶಕ! ಟಿಕೆಟ್ ತೆಗೆದವರು ಅಲ್ಲಿಯವರೆಗೆ ಪ್ಲಾಟ್‌ಫಾರ್ಮಿನಲ್ಲಿ ಕುಳಿತು ಊರು ಬೆಳೆಯುವುದನ್ನು ನೋಡಬೇಕೇ?

ಖರ್ಚಿನ ಮಾತು ಇದಕ್ಕಿಂತ ತೂಕದ್ದು. ಪಟ್ಟಣದೊಳಗೆ ಜಾಗ ಸಿಗುವುದಿಲ್ಲ, ಸುರಂಗ ಕೊರೆಯಬೇಕು, ಬೆಲೆ ಗಗನಕ್ಕೇರುತ್ತದೆ. ಗೊತ್ತು. ಜಪಾನಿನ ಆ ಮೊದಲ ಮಾರ್ಗದ ವೆಚ್ಚ ಅಂದಾಜಿನ ಸುಮಾರು ಎರಡು ಪಟ್ಟಾಯಿತು. ರೈಲ್ವೆಯ ಅಧ್ಯಕ್ಷರಾಗಿದ್ದ ಸೊಗೊ ಶಿಂಜಿ 1963ರಲ್ಲಿ ಹುದ್ದೆ ಬಿಟ್ಟರು, ಮುಖ್ಯ ಎಂಜಿನಿಯರ್ ಶಿಮಾ ಹಿದಿಯೊ ಅವರೂ ಹಿಂದೆಯೇ ಹೊರಬಿದ್ದರು. ಮರುವರ್ಷದ ಉದ್ಘಾಟನಾ ಸಮಾರಂಭಕ್ಕೆ ಇಬ್ಬರಿಗೂ ಆಹ್ವಾನವಿರಲಿಲ್ಲ. (ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಯಾರಿಗೂ ಹೇಳಿರಲಿಲ್ಲ, ಈಗ ಹೇಳಿಬಿಟ್ಟೆ.) ಆದರೆ ಹಳಿಯ ಅಗಲವೇ ಬೇರೆಯಾಗಿ, ಹಳೆಯ ಹಳಿಯ ಮೇಲೆ ಓಡಲಾಗದ ಆ ಹೊಸ ರೈಲು ಟೋಕಿಯೊ ನಿಲ್ದಾಣದೊಳಗೇ ಬಂದು ನಿಂತಿತು. ಒಸಾಕಾದಲ್ಲಿ ಮುಖ್ಯ ನಿಲ್ದಾಣದಿಂದ ಒಂದೇ ಒಂದು ನಿಲ್ದಾಣದಷ್ಟು ಆಚೆ. ಅಂದು ಬೈದವರ ಮೊಮ್ಮಕ್ಕಳೂ ಇಂದು ಅದರಲ್ಲೇ ಓಡಾಡುತ್ತಿದ್ದಾರೆ. ಸ್ಪೇನಿನಲ್ಲೂ ಅಗಲ ಬೇರೆಯೇ. ಆದರೂ 1992ರಲ್ಲಿ ಸೆವಿಲ್ಲೆಗೆ ಹೊರಟ ಮೊದಲ ರೈಲು ಹೊರಟದ್ದು ಮ್ಯಾಡ್ರಿಡ್ ಪಟ್ಟಣದ ಅಟೋಚಾ ನಿಲ್ದಾಣದಿಂದ. ಹಳೆಯ ಕಟ್ಟಡದ ಪಕ್ಕದಲ್ಲೇ ಹೊಸದನ್ನು ಕಟ್ಟಿ, ಹಳೆಯದರೊಳಗೆ ಉದ್ಯಾನ ಬೆಳೆಸಿದರು. ಹಳಿ ಅಗಲ ಬೇರೆ, ಆದ್ದರಿಂದ ಊರೊಳಗೆ ಬರಲಾಗದು ಎಂದು ನನಗೆ ಪಾಠ ಹೇಳಿದ ಮಹಾಶಯರೊಬ್ಬರಿದ್ದಾರೆ. ಅವರಿಗೆ ಈ ಸಾಲು.

ನಿಲ್ದಾಣದ ಮಾತೆತ್ತಿದರೆ ಇನ್ನೊಂದು ಗುಂಪಿಗೂ ಹುರುಪು ಬರುತ್ತದೆ: "ನಮ್ಮಲ್ಲೂ ಒಂದು ಕೊಡಿ." ಮುಂಬೈ-ಅಹಮದಾಬಾದ್ ಯೋಜನೆಯ ಅಂಕಿಗಳನ್ನೇ ನೋಡಿ. 508 ಕಿಲೋಮೀಟರ್, 12 ನಿಲ್ದಾಣ, ಗರಿಷ್ಠ ವೇಗ 320. ಕೆಲವೇ ಕಡೆ ನಿಲ್ಲುವ ರೈಲಿಗೆ 2 ಗಂಟೆ 7 ನಿಮಿಷ, ಎಲ್ಲ ಕಡೆ ನಿಲ್ಲುವುದಕ್ಕೆ 2 ಗಂಟೆ 58 ನಿಮಿಷ ಎಂಬುದು ಯೋಜನೆಯ ಲೆಕ್ಕ. ಹಳಿ ಒಂದೇ, ಗರಿಷ್ಠ ವೇಗವೂ ಒಂದೇ. ವ್ಯತ್ಯಾಸ 51 ನಿಮಿಷ! ಇದರ ಮುಂದೆ 300ನ್ನು 350 ಮಾಡಿ ಉಳಿಸುವ ನಿಮಿಷಗಳು ಯಾವ ಮೂಲೆಗೆ? ಪ್ರತಿ ನಿಲುಗಡೆಯೂ ಇಷ್ಟು ದುಬಾರಿಯಾಗಿರುವಾಗ, ನಿಲ್ಲುವ ಜಾಗವಾದರೂ ಜನರಿರುವ ಜಾಗವಾಗಿರಬೇಡವೇ? ಹೊಲದಲ್ಲಿ ನಿಲ್ಲಲು ಬ್ರೇಕ್ ಹಾಕಿ ಹಿಂದೆ ಕುಳಿತ ನೂರಾರು ಜನರ ಸಮಯ ತಿನ್ನುವುದು ಯಾವ ಜಾಣತನ?

ನಾನು ವೇಗದ ವೈರಿಯೇನೂ ಅಲ್ಲ. 2007ರ ಏಪ್ರಿಲ್ 3ರಂದು ಫ್ರಾನ್ಸಿನ ರೈಲು ಗಂಟೆಗೆ 574.8 ಕಿಲೋಮೀಟರ್ ಮುಟ್ಟಿದ ವಿಡಿಯೊವನ್ನು ನಿದ್ದೆ ಬಾರದ ರಾತ್ರಿಗಳಲ್ಲಿ ಈಗಲೂ ಹಾಕಿಕೊಂಡು ನೋಡುತ್ತೇನೆ. ರೋಮ ನಿಮಿರುತ್ತದೆ. ಆದರೆ ಅದು ದಾಖಲೆಗಾಗಿ ಮಾರ್ಪಡಿಸಿದ ರೈಲು, ಅದಕ್ಕೆ ಟಿಕೆಟ್ ಮಾರಿರಲಿಲ್ಲ.

ಹಿಂದೊಮ್ಮೆ ಇಂಥದೇ ಯೋಜನೆಯ ಅಹವಾಲು ಸಭೆಯಲ್ಲಿ ಎದ್ದು ನಿಂತು, ನಿಲ್ದಾಣದಿಂದ ಊರಿಗೆ ಹೋಗುವುದು ಹೇಗೆ ಎಂದು ಕೇಳಿದ್ದೆ. "ಬಸ್ ವ್ಯವಸ್ಥೆ ಕಲ್ಪಿಸಲಾಗುವುದು" ಎಂದರು. ಎಷ್ಟು ಹೊತ್ತಿಗೊಂದು ಬಸ್ಸು, ಕೊನೆಯ ರೈಲಿಗೂ ಇರುತ್ತದೆಯೇ ಎಂದು ಕೇಳುವಷ್ಟರಲ್ಲಿ ಮೈಕು ಮುಂದಿನವರ ಕೈಗೆ ಹೋಗಿತ್ತು. ಆಮೇಲೆ ವರದಿ ತರಿಸಿ ನೋಡಿದೆ. ರೈಲಿನ ಮೂತಿಯ ಬಣ್ಣದ ಚಿತ್ರಗಳು ಪುಟಗಟ್ಟಲೆ ಇದ್ದವು. ಊರಿನ ಸಂಪರ್ಕಕ್ಕೆ ಒಂದು ಪ್ಯಾರಾ, ವಾಹನ ನಿಲುಗಡೆಯ ನಕ್ಷೆಗೆ ಒಂದು ಇಡೀ ಪುಟ.

ಇದರ ಕೆಳಗೆ "ಅಭಿವೃದ್ಧಿ ವಿರೋಧಿ" ಎಂದು ಬರೆಯಲು ಕೆಲವರ ಬೆರಳು ಈಗಾಗಲೇ ತುರಿಸುತ್ತಿರುತ್ತದೆ. ಧಾರಾಳವಾಗಿ ಬರೆಯಿರಿ. ಜೊತೆಗೆ ನಿಮಗೆ ಇಷ್ಟವಾದ ಯೋಜನೆಯ ಯಾವುದಾದರೂ ಒಂದು ನಿಲ್ದಾಣದ ಹೆಸರು ಹಾಕಿ, ಸ್ವಂತ ಕಾರಿಲ್ಲದವರು ಬೆಳಗಿನ ಆರು ಗಂಟೆಯ ರೈಲಿಗೆ ಮನೆಯಿಂದ ಅಲ್ಲಿಗೆ ಹೇಗೆ ತಲುಪುತ್ತಾರೆ ಎಂದೂ ಬರೆಯಿರಿ.