ಮೀನುಗಾರನಿಗೂ ಒಂದು ಕುರ್ಚಿ

ಕಡಲಿನ ಒಂದು ಭಾಗವನ್ನು ಸರ್ಕಾರ ವನ್ಯಜೀವಿ ಧಾಮವೆಂದು ಘೋಷಿಸಿತು ಎಂದರೆ ನಮ್ಮ ಕಡೆಯವರ ಕಣ್ಣಿಗೆ ಮೊದಲು ಕಟ್ಟುವುದು ಅರಣ್ಯ ಇಲಾಖೆಯ ಗೇಟು. ಹೊನ್ನಾವರದ ನನ್ನ ಭಾವ ಫೋನಿನಲ್ಲಿ ಕೇಳಿದ್ದೂ ಅದನ್ನೇ. "ನಿಮ್ಮಲ್ಲಿ ಅಷ್ಟು ದೊಡ್ಡ ಕಡಲನ್ನೇ ಧಾಮ ಮಾಡಿದ್ದಾರಂತಲ್ಲ, ಮೀನುಗಾರರು ಹೊಟ್ಟೆಗೆ ಏನು ಮಾಡುತ್ತಾರೆ?" ಮೀನನ್ನೇ ಹಿಡಿಯುತ್ತಾರೆ ಎಂದೆ. ಭಾವ ನಂಬಲಿಲ್ಲ.

ನಾನಿರುವುದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ. ಊರಿನ ಎದುರಿಗೇ ಮಾಂಟೆರೆ ಕೊಲ್ಲಿಯ ರಾಷ್ಟ್ರೀಯ ಕಡಲಧಾಮ. 1992ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ ಈಗ ಸುಮಾರು 15,800 ಚದರ ಕಿಲೋಮೀಟರ್. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರದಿಂದ ಕ್ಯಾಂಬ್ರಿಯಾ ಎಂಬ ಊರಿನವರೆಗೆ ಸುಮಾರು 444 ಕಿಲೋಮೀಟರ್ ದಂಡೆ. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಗಿಂತ ಉದ್ದ. ಇಷ್ಟರೊಳಗೆ ಏಡಿ ಹಿಡಿಯುವ ದೋಣಿಗಳಿವೆ, ರಾತ್ರಿ ದೀಪ ಹಾಕಿಕೊಂಡು ಬೊಂಡಾಸ್ ಹಿಡಿಯುವವರಿದ್ದಾರೆ. ಸಾಲ್ಮನ್ ಮೀನಿನ ವಾಣಿಜ್ಯ ಬೇಟೆಯನ್ನು 2023ರಿಂದ ಮೂರು ವರ್ಷ ನಿಲ್ಲಿಸಿದ್ದರು, ನಿಜ. ಮೀನು ಕಡಿಮೆಯಾಯಿತೆಂದು ಅದನ್ನು ನಿಲ್ಲಿಸಿದವರು ಮೀನುಗಾರಿಕೆಯ ಲೆಕ್ಕ ನೋಡುವ ಬೇರೆ ಸಂಸ್ಥೆಗಳವರು. ಧಾಮದ ಕಚೇರಿಗೆ ಅದರಲ್ಲಿ ಕೈಯಿಲ್ಲ.

ಹಾಗಾದರೆ ಧಾಮ ತಡೆಯುವುದು ಏನನ್ನು? ಎಣ್ಣೆ ಬಾವಿ ಕೊರೆಯುವುದನ್ನು, ಕಡಲ ತಳ ಅಗೆಯುವುದನ್ನು, ಕೊಳಕು ಸುರಿಯುವುದನ್ನು, ಮುಳುಗಿದ ಹಡಗುಗಳ ಅವಶೇಷ ಹೊತ್ತೊಯ್ಯುವುದನ್ನು. 1969ರಲ್ಲಿ ಸಾಂತಾ ಬಾರ್ಬರಾ ಬಳಿ ಎಣ್ಣೆ ಬಾವಿ ಒಡೆದು ಕಡಲತೀರವೆಲ್ಲ ಕಪ್ಪಾದ ಮೇಲೆ ಎದ್ದ ಜನರ ಸಿಟ್ಟು ಈ ಕಾನೂನಿನ ಹಿಂದಿದೆ. ಕಡಲಧಾಮಗಳ ಕಾಯಿದೆ ಬಂದದ್ದು 1972ರಲ್ಲಿ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದೇ ವರ್ಷದ್ದು. ಒಂದೇ ವರ್ಷ ಹುಟ್ಟಿದ ಈ ಇಬ್ಬರು ಮಕ್ಕಳ ಸ್ವಭಾವ ಮಾತ್ರ ಬೇರೆಬೇರೆ. ಒಂದು ಕಡಲನ್ನು ನೋಡುತ್ತಲೇ ಬೆಳೆಯಿತು. ಇನ್ನೊಂದು ಕಾಡಿನಲ್ಲಿ ಬೆಳೆದು, ದೊಡ್ಡದಾದ ಮೇಲೆ ಕಡಲಿಗೆ ಬಂತು.

ಅಮೆರಿಕದವರು ಕಡಲನ್ನು ನಮಗಿಂತ ಹೆಚ್ಚು ಪ್ರೀತಿಸುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಕೊಲ್ಲಿಯ ಕಡಲು ನಾಯಿಗಳನ್ನು (ನೀರುನಾಯಿಯ ಜಾತಿಯವು) ತುಪ್ಪಳಕ್ಕಾಗಿ ಕೊಂದು ಮುಗಿಸಿದವರು ಇವರ ಹಿರಿಯರೇ. 1938ರಲ್ಲಿ ಬಿಗ್ ಸರ್ ಬಳಿ ಐವತ್ತರಷ್ಟು ಕಾಣಿಸಿಕೊಂಡಾಗ ಅದೇ ದೊಡ್ಡ ಸುದ್ದಿಯಾಗಿತ್ತು. ಮಾಂಟೆರೆಯ ಡಬ್ಬಿ ಮೀನಿನ ಕಾರ್ಖಾನೆಗಳು ಬೂತಾಯಿಯ ಬಳಗದ ಸಾರ್ಡೀನನ್ನು ಬಾಚಿ ಬಾಚಿ ಕೊನೆಗೆ ತಾವೇ ಬಾಗಿಲು ಹಾಕಿಕೊಂಡವು. ನನಗೆ ಇಲ್ಲಿ ಮೆಚ್ಚುಗೆಯಾದದ್ದು ಜನರಲ್ಲ, ಒಂದು ಪದ್ಧತಿ. ಧಾಮಕ್ಕೊಂದು ಸಲಹಾ ಮಂಡಳಿಯಿದೆ. ಅದರಲ್ಲಿ ಮೀನುಗಾರಿಕೆಗೆ, ಕೃಷಿಗೆ, ಮುಳುಗುಗಾರರಿಗೆ, ಪ್ರವಾಸೋದ್ಯಮಕ್ಕೆ, ಸಂಶೋಧಕರಿಗೆ, ಪರಿಸರದವರಿಗೆ, ಯಾವ ಪಂಗಡಕ್ಕೂ ಸೇರದ ಸಾಮಾನ್ಯ ನಾಗರಿಕರಿಗೆ ಸ್ಥಾನಗಳಿವೆ. ಕಡಲಿನ ಮಂಡಳಿಯಲ್ಲಿ ರೈತನಿಗೇನು ಕೆಲಸ ಎನ್ನಬೇಡಿ. ಸಲಿನಾಸ್ ಕಣಿವೆಯ ಲೆಟ್ಯೂಸ್, ಸ್ಟ್ರಾಬೆರಿ ಹೊಲಗಳ ಗೊಬ್ಬರ ಮತ್ತು ಔಷಧಿಯ ನೀರು ಹರಿದು ಸೇರುವುದು ಈ ಕೊಲ್ಲಿಗೇ. ಎಂದೋ ನಿಷೇಧವಾದ ಡಿಡಿಟಿ ಕೀಟನಾಶಕ ಮಾಸ್ ಲ್ಯಾಂಡಿಂಗ್ ಬಂದರಿನ ಹೂಳಿನಲ್ಲಿ ಇನ್ನೂ ಸಿಗುತ್ತದೆ.

ಮಂಡಳಿಯ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ನೋಡಲು ಏನೂ ಇಲ್ಲ. ಬಿಳಿ ಬೆಳಕಿನ ಸಭಾಂಗಣ, ಯು ಆಕಾರದಲ್ಲಿ ಜೋಡಿಸಿದ ಮೇಜು, ತಣ್ಣಗಾದ ಕಾಫಿ, ಗೋಡೆಗೆ ಬಿದ್ದ ನಕ್ಷೆ. ಸಾರ್ವಜನಿಕರು ಒಬ್ಬೊಬ್ಬರಾಗಿ ಎದ್ದು ಎರಡು ಮೂರು ನಿಮಿಷ ಮಾತನಾಡಿ ಕೂರುತ್ತಾರೆ. ನಾನು ಹೋಗಿದ್ದ ದಿನ ರಬ್ಬರ್ ಬೂಟಿನಲ್ಲೇ ಬಂದಿದ್ದ ಒಬ್ಬ ಮುದುಕ, ಬಂದರಿನ ಬಾಯಿಯಲ್ಲಿ ತುಂಬುವ ಮರಳಿನ ಮಾತೆತ್ತಿದ. ಪ್ರತಿ ಚಳಿಗಾಲ ಸಾಂತಾ ಕ್ರೂಜ್ ಬಂದರಿನ ಅಳಿವೆ ಮರಳಿನಿಂದ ಮುಚ್ಚುತ್ತದೆ, ಹೂಳೆತ್ತದಿದ್ದರೆ ದೋಣಿ ಹೊರಗೆ ಹೋಗುವುದಿಲ್ಲ. ತೆಗೆದ ಮರಳು ಶುದ್ಧವಾಗಿದ್ದರೆ ಅದನ್ನು ಪಕ್ಕದ ಸವೆದ ತೀರಕ್ಕೇ ಹಾಕಲು ಯಾಕಿಷ್ಟು ತಕರಾರು, ಕಡಲು ತಂದದ್ದನ್ನು ಕಡಲಿಗೇ ಕೊಟ್ಟರೆ ಅದು ಕಸ ಹೇಗಾಯಿತು ಎಂಬುದು ಅವನ ಪ್ರಶ್ನೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧಿಕಾರಿ ಬರೆದುಕೊಂಡಳು, ಅಷ್ಟೆ.

ಬಂದರುಗಳವರ ಈ ತಕರಾರು ಹಳೆಯದು. 2015ರಲ್ಲಿ ಧಾಮದ ನಿರ್ವಹಣಾ ಯೋಜನೆಯ ಮರುಪರಿಶೀಲನೆ ಶುರುವಾದಾಗ ಅದೂ ಕಡತ ಸೇರಿತು. ಹೊಸ ಯೋಜನೆ ಬಂದದ್ದು 2021ರಲ್ಲಿ. ಶುದ್ಧ ಹೂಳನ್ನು ತೀರದ ರಕ್ಷಣೆಗೆ ಬಳಸುವುದು ತ್ಯಾಜ್ಯ ಸುರಿದಂತೆ ಆಗುವುದಿಲ್ಲ ಎಂದು ಆಗ ನಿಯಮದಲ್ಲೇ ಸ್ಪಷ್ಟಪಡಿಸಿದರು. ಆರು ವರ್ಷ! ನಮ್ಮ ತಾಲ್ಲೂಕು ಕಚೇರಿಯೇ ವಾಸಿ ಎನ್ನಿಸಬಹುದು. ಆದರೆ ಅಂತಿಮ ಕಡತವನ್ನು ತೆರೆದು ನೋಡಿದರೆ ಜನ ಎತ್ತಿದ ಆಕ್ಷೇಪಗಳೂ ಅವಕ್ಕೆ ಇಲಾಖೆ ಕೊಟ್ಟ ಉತ್ತರಗಳೂ ಸಾಲುಸಾಲಾಗಿ ಅಚ್ಚಾಗಿವೆ. ಎಷ್ಟೋ ಕಡೆ ಉತ್ತರ "ಒಪ್ಪುವುದಿಲ್ಲ" ಎಂದೇ. ಯಾಕೆ ಒಪ್ಪುವುದಿಲ್ಲ ಎಂಬುದಕ್ಕೆ ಕಾರಣವೂ ಅಲ್ಲೇ ಇದೆ. "ಅಹವಾಲು ಸ್ವೀಕರಿಸಲಾಗಿದೆ" ಎಂಬ ಒಂದೇ ಸಾಲಿನ ಮೊಹರನ್ನು ನೋಡಿ ಬೆಳೆದ ನನಗೆ ಇದು ಸಣ್ಣ ವಿಷಯವಾಗಿ ಕಾಣಲಿಲ್ಲ. ಒಪ್ಪದವನೂ ಆ ಕಾರಣವನ್ನು ಹಿಡಿದು ಮುಂದಿನ ಸಲ ಜಗಳಕ್ಕೆ ಬರಬಹುದಲ್ಲ.

ಜಗಳದಿಂದಲೇ ನಿಯಮ ಹುಟ್ಟಿದ ಉದಾಹರಣೆಗಳು ಬೇಕಾದಷ್ಟಿವೆ. ತೊಂಬತ್ತರ ದಶಕದಲ್ಲಿ ಆನ್ಯೊ ನುಯೆವೊ ಎಂಬ ತೀರದ ಬಳಿ ಪ್ರವಾಸಿಗರಿಗೆ ಬಿಳಿ ಶಾರ್ಕ್ ತೋರಿಸಲು ಕೆಲವರು ನೀರಿಗೆ ರಕ್ತಮಾಂಸ ಸುರಿಯತೊಡಗಿದರು. ಪಕ್ಕದಲ್ಲೇ ಅಲೆಯ ಮೇಲೆ ಹಲಗೆ ಓಡಿಸುವ ಹುಡುಗರು. ಅವರು ಗಲಾಟೆ ಎಬ್ಬಿಸಿದರು, 1996ರಲ್ಲಿ ಧಾಮದ ದಂಡೆ ಬದಿಯ ನೀರಿನಲ್ಲಿ ಬಿಳಿ ಶಾರ್ಕ್‌ಗಳಿಗೆ ಆಮಿಷ ಒಡ್ಡುವುದಕ್ಕೆ ನಿಷೇಧ ಬಂತು. 2002ರಲ್ಲಿ ಕ್ರಿಸ್ಟಲ್ ಹಾರ್ಮನಿ ಎಂಬ ಪ್ರವಾಸಿ ಹಡಗು, ಇಲ್ಲಿ ಏನನ್ನೂ ಸುರಿಯುವುದಿಲ್ಲವೆಂದು ಮಾಂಟೆರೆ ನಗರಕ್ಕೆ ಬರೆದುಕೊಟ್ಟ ಮಾತನ್ನು ಮುರಿದು ಧಾಮದ ನೀರಿಗೆ ಬಚ್ಚಲ ನೀರು ಬಿಟ್ಟಿತು. ದಂಡೆಯಿಂದ ದೂರವಿದ್ದುದರಿಂದ ಆಗಿನ ಕಾನೂನಿನಂತೆ ಅದು ಅಪರಾಧವಾಗಿರಲಿಲ್ಲ. ನಗರಸಭೆ ದಂಡ ಹಾಕುವಂತಿರಲಿಲ್ಲ, ಹದಿನೈದು ವರ್ಷ ಈ ಕಡೆ ತಲೆ ಹಾಕಬೇಡಿ ಎಂದಿತು. ಪ್ರವಾಸಿ ಹಡಗುಗಳು ಧಾಮದಲ್ಲಿ ಕೊಳಕು ನೀರು ಬಿಡಬಾರದೆಂಬ ನಿಯಮ 2008ರಲ್ಲಿ ಅಚ್ಚಾಯಿತು.

ಇನ್ನೊಂದು ರೂಢಿಯನ್ನು ಹೇಳದಿದ್ದರೆ ಮನಸ್ಸು ಕೇಳದು. ಇಲ್ಲಿ ಬೇಸಿಗೆಯಿಡೀ ಮಳೆಯಿಲ್ಲ. ರಸ್ತೆಯ ಎಣ್ಣೆ, ನಾಯಿಗಳ ಹೇಸಿಗೆ, ಬ್ರೇಕಿನ ಪುಡಿ ಎಲ್ಲವೂ ಆರು ತಿಂಗಳು ಒಣಗಿ ಕೂತು, ಋತುವಿನ ಮೊದಲ ಮಳೆಗೆ ಒಮ್ಮೆಲೇ ಚರಂಡಿಯಿಂದ ಕಡಲಿಗೆ ಧುಮುಕುತ್ತದೆ. ಆ ಮೊದಲ ಮಳೆ ನಡುರಾತ್ರಿ ಬಂದರೂ ಸ್ವಯಂಸೇವಕರಿಗೆ ಫೋನು ಬರುತ್ತದೆ. ತಲೆಗೆ ದೀಪ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು ಚರಂಡಿಯ ಬಾಯಿಗೆ ಬಾಟಲಿ ಹಿಡಿಯಬೇಕು. ನಾನೂ ಹಿಡಿದಿದ್ದೇನೆ. ಸಿಗರೇಟಿನ ತುಂಡು ತೇಲುವ, ಚಹಾದ ಬಣ್ಣದ ನೀರು. ಅದರಲ್ಲಿ ತಾಮ್ರವೆಷ್ಟು, ಸತುವೆಷ್ಟು, ಮಲದ ಬ್ಯಾಕ್ಟೀರಿಯಾ ಎಷ್ಟು ಎಂದು ಪ್ರಯೋಗಾಲಯ ಹೇಳುತ್ತದೆ. ನನ್ನ ಜೊತೆ ನಿಂತಿದ್ದವರು ನಿವೃತ್ತ ಶಾಲಾ ಶಿಕ್ಷಕಿ. ಅಂಕಿಸಂಖ್ಯೆ ಕೈಯಲ್ಲಿ ಹಿಡಿದು ನಗರಸಭೆಯ ಎದುರು ನಿಲ್ಲುವ ಅವರನ್ನು ಯಾವ ಎಂಜಿನಿಯರೂ ಸುಲಭಕ್ಕೆ ಕೂರಿಸಲಾರ.

ಇಷ್ಟು ಹೊಗಳಿದ ಮೇಲೆ ಇಲ್ಲಿನ ಹುಳುಕನ್ನೂ ಹೇಳಬೇಕು. ಸಲಹಾ ಮಂಡಳಿಯದು ಸಲಹೆಯಷ್ಟೇ, ನಿರ್ಧಾರ ಇಲಾಖೆಯದು. ಸಭೆ ನಡೆಯುವುದು ಕೆಲಸದ ದಿನ ಹಗಲಿನಲ್ಲಿ. ಹೊಲದಲ್ಲಿ ಸ್ಟ್ರಾಬೆರಿ ಕೀಳುವ ಮೆಕ್ಸಿಕೋ ಮೂಲದ ಕೂಲಿಗಳನ್ನು ಅಲ್ಲಿ ನಾನು ನೋಡಿಲ್ಲ. ಮೀನುಗಾರರ ಮನಸ್ಸಂತೂ ಮುರಿದಿದೆ. ಧಾಮವು ಮೀನುಗಾರಿಕೆಗೆ ಕೈ ಹಾಕುವುದಿಲ್ಲವೆಂದು 1992ರಲ್ಲಿ ಮಾತು ಕೊಟ್ಟಿದ್ದರು, ಆಮೇಲೆ ಅದೇ ಕಚೇರಿಯವರು ಮೀನು ಹಿಡಿಯಬಾರದ ವಲಯಗಳ ಪರ ಮಾತಾಡತೊಡಗಿದರು ಎಂಬುದು ಅವರ ದೂರು. 2007ರಲ್ಲಿ ಈ ಭಾಗದ ಕರಾವಳಿಯಲ್ಲಿ 29 ಸಂರಕ್ಷಿತ ವಲಯಗಳನ್ನು ಮಾಡಿದ್ದು ರಾಜ್ಯ ಸರ್ಕಾರ. ದೋಣಿಯಲ್ಲಿರುವವನಿಗೆ ರಾಜ್ಯ ಯಾವುದು, ಕೇಂದ್ರ ಯಾವುದು? ಗೆರೆ ಗೆರೆಯೇ. 2025ರಲ್ಲಿ ಧಾಮಗಳನ್ನು ನೋಡಿಕೊಳ್ಳುವ ನೋವಾ ಸಂಸ್ಥೆಯ ನೂರಾರು ನೌಕರರನ್ನು ಕೆಲಸದಿಂದ ತೆಗೆದಾಗಿನಿಂದ ಹೊಸ ಆತಂಕವೂ ಸೇರಿದೆ. ನಿಯಮ ಎಷ್ಟು ಚೆನ್ನಾಗಿದ್ದರೇನು, ನೀರಿನ ಮೇಲೆ ಕಾವಲಿಗೆ ಜನ ಬೇಡವೇ?

ನಮ್ಮಲ್ಲಿ ಮೊದಲು ನೆನಪಾಗುವುದು ಮಾಲ್ವಣ. ಸಿಂಧುದುರ್ಗ ಕೋಟೆಯ ಸುತ್ತಿನ 29 ಚದರ ಕಿಲೋಮೀಟರ್ ಕಡಲನ್ನು ಮಹಾರಾಷ್ಟ್ರ ಸರ್ಕಾರ 1987ರಲ್ಲಿ ಕಡಲ ಧಾಮವೆಂದು ಘೋಷಿಸಿತು. ನಮ್ಮನ್ನು ಕೇಳಲಿಲ್ಲವೆಂದು ಮೀನುಗಾರರು ತಿರುಗಿಬಿದ್ದರು. ಮೂರು ದಶಕ ಕಳೆದರೂ ಆ ಧಾಮ ಕಾಗದದ ಮೇಲೆ ಉಳಿದಷ್ಟು ನೀರಿನ ಮೇಲೆ ಉಳಿಯಲಿಲ್ಲ. ಈಗ ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ–ಮುಗಳಿ ನಡುವೆ ಸುಮಾರು 60 ಚದರ ಕಿಲೋಮೀಟರ್ ಪ್ರದೇಶ ಕರ್ನಾಟಕದ ಮೊದಲ ಕಡಲ ವನ್ಯಜೀವಿ ಧಾಮವೆನಿಸಿದೆ. ನನಗೆ ಇದರಿಂದ ಸಂತೋಷವೇ ಆಗಿದೆ. ಆ ದಂಡೆಗೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ, ಮೊಟ್ಟೆಗೆ ಬೇಲಿ ಕಟ್ಟಿ ಕಾಯುವವರು ಊರಿನವರೇ. ಭಾವನ ಸಂಶಯವೂ ಸುಳ್ಳಲ್ಲ. ಅಲ್ಲೇ ಸಮೀಪದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಬೀದಿಗಿಳಿದ ಜನ, ಮನವಿ ಕೊಟ್ಟು ಕೊಟ್ಟು ಸುಸ್ತಾಗಿ ಪೊಲೀಸರ ಎದುರು ನಿಂತದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಬಂದರಿನ ಹೆಸರಿನಲ್ಲಿ ಬಂದ ಸರ್ಕಾರವೇ ಆಮೆಯ ಹೆಸರಿನಲ್ಲೂ ಬರುತ್ತಿದೆ ಎಂದು ಅವರಿಗೆ ಅನ್ನಿಸಿದರೆ ತಪ್ಪು ಯಾರದು?

ನಮ್ಮ ಕಾನೂನು ಕುರುಡೇನೂ ಅಲ್ಲ. ಕಡಲಿನ ಗಡಿ ಗುರುತಿಸುವ ಮೊದಲು ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಪಾಡಲು ಸಾಕಷ್ಟು ಕ್ರಮ ಕೈಗೊಳ್ಳಬೇಕೆಂದು ವನ್ಯಜೀವಿ ಕಾಯಿದೆಯ 26ಎ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಧಾಮಕ್ಕೊಂದು ಸಲಹಾ ಸಮಿತಿ ಇರಬೇಕೆಂದು 33ಬಿ ಹೇಳುತ್ತದೆ. ಆ ಸಮಿತಿಯಲ್ಲಿ ಯಾರಿರಬೇಕು? ಶಾಸಕರು, ಪಂಚಾಯಿತಿಗಳ ಮೂವರು, ಸ್ವಯಂಸೇವಾ ಸಂಸ್ಥೆಗಳ ಇಬ್ಬರು, ವನ್ಯಜೀವಿ ಕಾರ್ಯಕರ್ತರು ಮೂವರು, ಗೃಹ ಮತ್ತು ಪಶುವೈದ್ಯ ಇಲಾಖೆಯ ತಲಾ ಒಬ್ಬರು. ಪಶುವೈದ್ಯರಿಗೆ ಕುರ್ಚಿಯಿದೆ, ಮೀನುಗಾರನಿಗೆಂದು ಒಂದಿಲ್ಲ! ಕಾಡಿಗೆ ಹೊಲಿದ ಅಂಗಿಯನ್ನು ಅಳತೆ ನೋಡದೆ ಕಡಲಿಗೆ ತೊಡಿಸಿದ್ದಾರೆ.

ಕಾಯಿದೆ ತಿದ್ದುವವರೆಗೂ ಕಾಯಬೇಕಿಲ್ಲ. ಪಂಚಾಯಿತಿಯ ಆ ಮೂರು ಸ್ಥಾನಗಳಲ್ಲಿ ಒಂದಕ್ಕೆ ನಾಡದೋಣಿಯವರೊಬ್ಬರನ್ನು, ಇನ್ನೊಂದಕ್ಕೆ ಟೊಂಕದಲ್ಲಿ ಮೀನು ಒಣಗಿಸುವ ಹೆಂಗಸೊಬ್ಬರನ್ನು ಕಳುಹಿಸಲು ಈಗಲೂ ಯಾರ ಅಡ್ಡಿಯಿಲ್ಲ; ಅಂಥ ಸದಸ್ಯರು ಆ ಊರುಗಳ ಪಂಚಾಯಿತಿಗಳಲ್ಲಿ ಸಿಕ್ಕೇ ಸಿಗುತ್ತಾರೆ. ಸಭೆಯ ಟಿಪ್ಪಣಿ ಕನ್ನಡದಲ್ಲಿ ಬರಲಿ. ಎತ್ತಿದ ಪ್ರತಿ ಆಕ್ಷೇಪಕ್ಕೂ ಎದುರುಗಡೆ ಒಂದು ಉತ್ತರ ಇರಲಿ, "ಆಗುವುದಿಲ್ಲ" ಎಂದಾದರೂ ಸರಿ, ಕಾರಣ ಸಹಿತ. ಸಭೆಯನ್ನು ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕರೆಯಬೇಡಿ. ಒಂದು ದಿನದ ದುಡಿಮೆ ಬಿಟ್ಟು 90 ಕಿಲೋಮೀಟರ್ ಬಸ್ಸಿನಲ್ಲಿ ಬರುವವರು ಸಂಘಟನೆಯ ಮುಖಂಡರು ಮಾತ್ರ. ಟೊಂಕದಲ್ಲೇ ಕರೆಯಿರಿ, ಜೂನ್ ಅಥವಾ ಜುಲೈನಲ್ಲಿ ಕರೆಯಿರಿ. ಆಗ ಯಾಂತ್ರೀಕೃತ ದೋಣಿಗಳು ನಿಷೇಧದಿಂದಾಗಿ ದಡದಲ್ಲಿರುತ್ತವೆ, ಮಳೆಯಲ್ಲಿ ಮೀನು ಒಣಗಿಸುವ ಕೆಲಸವೂ ಇರುವುದಿಲ್ಲ. ಅಧಿಕಾರಿಗಳು ಮಾತ್ರ ಕೊಡೆ ತರಬೇಕಾಗುತ್ತದೆ.